ಕಣ್ಣಿನ ಲೆನ್ಸನ್ನು ಹಿಡಿದಿರುವ ನೂಲೆಳೆಗಳು
(ರೋಗಿಗಳು ಹಾಗೂ ಅವರ ಮನೆಯವರ ತಿಳಿವಳಿಕೆಗಾಗಿ)



ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಲು ಬರುವ ಹಿರಿಯರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಹಳೆಯ ಲೆನ್ಸ್ ತೆಗೆದು ಹೊಸದನ್ನು ಹಾಕುತ್ತೀರಿ, ಸರಿ. ಅದು ಒಳಗೆ ಯಾವುದರ ಆಧಾರದ ಮೇಲೆ ನಿಲ್ಲುತ್ತದೆ? ಬಗ್ಗಿದಾಗ, ಎದ್ದಾಗ ಬೀಳುವುದಿಲ್ಲವೇ?” ಇದು ಒಳ್ಳೆಯ ಪ್ರಶ್ನೆ. ಹೊಸ ಲೆನ್ಸ್ ಇರಲಿ, ಹುಟ್ಟಿನಿಂದ ಬಂದ ಲೆನ್ಸ್ ಇರಲಿ, ಎರಡಕ್ಕೂ ಆಧಾರ ಒಂದೇ. ಕಣ್ಣಿನ ಒಳಗೆ ಸುತ್ತಲೂ ಕಟ್ಟಿರುವ ನೂರಾರು ನವಿರಾದ ಎಳೆಗಳು ಲೆನ್ಸನ್ನು ನಡುವೆ ತೂಗಿ ಹಿಡಿದಿವೆ. ಈ ಎಳೆಗಳು ಗಟ್ಟಿಯಾಗಿದ್ದರೆ ಶಸ್ತ್ರಚಿಕಿತ್ಸೆ ಸುಗಮ, ದೃಷ್ಟಿ ಸ್ಥಿರ. ದುರ್ಬಲವಾಗಿದ್ದರೆ ವೈದ್ಯರು ಮೊದಲೇ ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ. ಮಕ್ಕಳಲ್ಲಿ ಇವು ಸಡಿಲವಾಗಿದ್ದರೆ ಅದು ಹೃದಯದ ತೊಂದರೆಯ ಸೂಚನೆಯೂ ಆಗಿರಬಹುದು. ಆದ್ದರಿಂದ ಈ ಎಳೆಗಳ ಬಗ್ಗೆ ಪ್ರತಿಯೊಬ್ಬರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಲೆನ್ಸ್ ಎಲ್ಲಿದೆ? ಹೇಗಿದೆ?

ಕನ್ನಡಿಯಲ್ಲಿ ನಿಮ್ಮ ಕಣ್ಣನ್ನು ನೋಡಿಕೊಳ್ಳಿ. ನಡುವೆ ಕಾಣುವ ಕಪ್ಪು ಬೊಟ್ಟು ಪಾಪೆ. ಅದು ನಿಜವಾಗಿ ಬೊಟ್ಟಲ್ಲ, ಬೆಳಕು ಒಳಗೆ ಹೋಗುವ ಕಿಂಡಿ. ಅದರ ಸುತ್ತಲಿನ ಕಂದು ಬಣ್ಣದ ಪರದೆಗೆ ಐರಿಸ್ ಎನ್ನುತ್ತಾರೆ. ಈ ಪರದೆಯ ಹಿಂದೆಯೇ ಲೆನ್ಸ್ ಇದೆ. ಎರಡೂ ಬದಿ ಉಬ್ಬಿರುವ ಇದರ ಆಕಾರ ಹೆಚ್ಚುಕಡಿಮೆ ತೊಗರಿ ಬೇಳೆಯ ಎರಡು ಹೋಳುಗಳನ್ನು ಮತ್ತೆ ಜೋಡಿಸಿ ಸ್ವಲ್ಪ ಒತ್ತಿದಂತೆ. ದೊಡ್ಡವರಲ್ಲಿ ಅಡ್ಡಳತೆ 9ರಿಂದ 10 ಮಿಲಿಮೀಟರ್, ನಡುವಿನ ದಪ್ಪ 4ರಿಂದ 5 ಮಿಲಿಮೀಟರ್. ವಯಸ್ಸಾದವರಲ್ಲಿ ಇದರ ತೂಕ ಸುಮಾರು ಕಾಲು ಗ್ರಾಂ.

ಲೆನ್ಸಿಗೆ ತನ್ನದೇ ಆದ ತೆಳುವಾದ, ಪಾರದರ್ಶಕವಾದ ಚೀಲವಿದೆ. ಹುಣಸೆ ಬೀಜಕ್ಕೆ ಸಿಪ್ಪೆ ಇರುವಂತೆ ಈ ಚೀಲ ಲೆನ್ಸನ್ನು ಸುತ್ತಲೂ ಮುಚ್ಚಿರುತ್ತದೆ. ಹಿಂಬದಿಯಲ್ಲಂತೂ ಚೀಲ ಎಷ್ಟು ತೆಳುವೆಂದರೆ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲು ಮಾತ್ರ. ಲೆನ್ಸಿನ ಹಿಂದೆ ಕಣ್ಣಿನ ಗುಡ್ಡೆಯನ್ನು ತುಂಬಿರುವ, ಲೋಳೆಸರದ ತಿರುಳಿನಂಥ ಪದಾರ್ಥವಿದೆ. ಅದನ್ನು ವಿಟ್ರಿಯಸ್ ಎನ್ನುತ್ತಾರೆ. ಹಿಂದಿನಿಂದ ಅದು ಮೆತ್ತೆಯಂತೆ ಸ್ವಲ್ಪ ಒತ್ತಾಸೆ ಕೊಡುತ್ತದೆ. ಆದರೆ ಲೆನ್ಸನ್ನು ಅದರ ಜಾಗದಲ್ಲಿ ನಿಲ್ಲಿಸುವ ಮುಖ್ಯ ಕೆಲಸ ಸುತ್ತಲಿನ ಎಳೆಗಳದ್ದು.

ಸೈಕಲ್ ಗಾಲಿಯ ಕಡ್ಡಿಗಳಂತೆ

ಸೈಕಲ್ಲಿನ ಗಾಲಿಯನ್ನು ಎಲ್ಲರೂ ನೋಡಿದ್ದೀರಿ. ನಡುವಿನ ಗುಂಬವನ್ನು ಸುತ್ತಲಿನ ರಿಮ್ಮಿಗೆ ತೆಳ್ಳನೆಯ ಕಡ್ಡಿಗಳು ಬಿಗಿದು ಹಿಡಿದಿರುತ್ತವೆ. ಒಂದೊಂದು ಕಡ್ಡಿ ನೋಡಿದರೆ ಬಡಕಲು. ಎಲ್ಲವೂ ಸೇರಿ ಎಲ್ಲ ಕಡೆಯಿಂದ ಸಮನಾಗಿ ಎಳೆಯುವುದರಿಂದ ಗುಂಬ ಅಲುಗಾಡದೆ ನಡುವೆಯೇ ನಿಲ್ಲುತ್ತದೆ. ಕಣ್ಣಿನಲ್ಲಿಯೂ ಹೀಗೆಯೇ. ಲೆನ್ಸ್ ಗುಂಬದ ಜಾಗದಲ್ಲಿದೆ. ಐರಿಸ್ಸಿನ ಹಿಂದೆ ಸುತ್ತಲೂ ಇರುವ ಸಿಲಿಯರಿ ಬಾಡಿ ಎಂಬ ಸ್ನಾಯುವಿನ ಬಳೆ ರಿಮ್ಮಿನಂತಿದೆ. ಇವೆರಡರ ನಡುವೆ ಹರಡಿರುವ ಎಳೆಗಳೇ ಕಡ್ಡಿಗಳು. ವೈದ್ಯರು ಇವನ್ನು ಜೋನ್ಯೂಲ್ ಎಂದು ಕರೆಯುತ್ತಾರೆ.

ಈ ಬಳೆಯ ಒಳಮೈಯಲ್ಲಿ ಸುಮಾರು 70 ಸಣ್ಣ ಮಡಿಕೆಗಳಿವೆ. ಎಳೆಗಳು ಆ ಮಡಿಕೆಗಳ ನಡುವಿನ ಸಂದಿಗಳಿಂದ ಹಾದುಬಂದು ಲೆನ್ಸಿನ ಚೀಲದ ಅಂಚಿಗೆ ಅಂಟಿಕೊಳ್ಳುತ್ತವೆ. ಕೆಲವು ಅಂಚಿಗಿಂತ ತುಸು ಮುಂದೆ, ಕೆಲವು ತುಸು ಹಿಂದೆ, ಕೆಲವು ನೇರವಾಗಿ ಅಂಚಿಗೇ. ಪ್ರತಿ ಎಳೆಯೂ ತಲೆಗೂದಲಿಗಿಂತ ತೆಳ್ಳಗಿರುತ್ತದೆ. ಫಿಬ್ರಿಲಿನ್ ಎಂಬ ಪ್ರೋಟೀನಿನಿಂದ ಇವು ಆಗಿವೆ. ಈ ಪ್ರೋಟೀನಿನ ಹೆಸರನ್ನು ನೆನಪಿಡಿ, ಮುಂದೆ ಮಕ್ಕಳ ವಿಷಯ ಬಂದಾಗ ಇದು ಮತ್ತೆ ಬರುತ್ತದೆ.

ಈ ಎಳೆಗಳನ್ನು ವಿವರವಾಗಿ ಬರೆದವರು ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ವೈದ್ಯರು. ಮನುಷ್ಯರ ಕಣ್ಣಿನ ರಚನೆಯ ಬಗ್ಗೆ ಅವರ ಪುಸ್ತಕ ಪ್ರಕಟವಾದದ್ದು 1755ರಲ್ಲಿ. ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಇವಕ್ಕೆ ಜಿನ್ನರ ಎಳೆಗಳು ಎಂಬ ಹೆಸರಿದೆ. 1759ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಅವರು ಸಸ್ಯಶಾಸ್ತ್ರವನ್ನೂ ಬಲ್ಲವರಾಗಿದ್ದರು. ನಮ್ಮ ಮನೆಗಳ ಮುಂದೆ ಬೆಳೆಸುವ ಜಿನಿಯಾ ಹೂವಿಗೆ ಆ ಹೆಸರು ಬಂದದ್ದು ಇವರ ನೆನಪಿನಲ್ಲಿಯೇ.

ಎಳೆ ಸಡಿಲಿಸಿದರೆ ಹತ್ತಿರದ್ದು, ಬಿಗಿದರೆ ದೂರದ್ದು

ಎಳೆಗಳ ಕೆಲಸ ಲೆನ್ಸನ್ನು ಹಿಡಿದಿರುವುದಷ್ಟೇ ಅಲ್ಲ. ದೂರದ ಬಸ್ಸಿನ ಬೋರ್ಡನ್ನೂ ಕೈಯಲ್ಲಿರುವ ಚೀಟಿಯನ್ನೂ ಒಂದೇ ಕಣ್ಣಿನಿಂದ ಓದುತ್ತೇವಲ್ಲ, ಅದೂ ಇವುಗಳ ಸಹಾಯದಿಂದಲೇ. ಕಣ್ಣಿಗೆ ಬಂದ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೆಯ ಎರಡು ಪಾಲು ಕಣ್ಣಿನ ಮುಂಭಾಗದ ಕಾರ್ನಿಯಾದ್ದು, ಉಳಿದ ಒಂದು ಪಾಲು ಲೆನ್ಸಿನದು. ಕಾರ್ನಿಯಾ ತನ್ನ ಆಕಾರ ಬದಲಿಸುವುದಿಲ್ಲ. ಲೆನ್ಸ್ ಬದಲಿಸುತ್ತದೆ.

ದೂರ ನೋಡುವಾಗ ಸ್ನಾಯುವಿನ ಬಳೆ ವಿಶ್ರಾಂತಿಯಲ್ಲಿ ಅಗಲವಾಗಿರುತ್ತದೆ. ಆಗ ಎಳೆಗಳು ಬಿಗಿಯಾಗಿ ಲೆನ್ಸನ್ನು ಸುತ್ತಲೂ ಎಳೆದು ಚಪ್ಪಟೆ ಮಾಡುತ್ತವೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೌದಿಯನ್ನು ಎಳೆದಾಗ ಅದು ಸಮತಟ್ಟಾಗುವಂತೆ. ಹತ್ತಿರ ನೋಡುವಾಗ ಸ್ನಾಯು ಬಿಗಿಯುತ್ತದೆ. ಅದು ಬಳೆಯ ಆಕಾರದಲ್ಲಿರುವುದರಿಂದ, ಬಿಗಿದಾಗ ಚೀಲದ ಬಾಯಿಗೆ ಹಾಕಿದ ದಾರದಂತೆ ಸುತ್ತಳತೆ ಕಿರಿದಾಗುತ್ತದೆ. ರಿಮ್ಮು ಕಿರಿದಾದರೆ ಕಡ್ಡಿಗಳು ಸಡಿಲಾಗಲೇಬೇಕು. ಎಳೆತ ತಪ್ಪಿದ ಲೆನ್ಸ್ ತನ್ನ ಚೀಲದ ಸ್ಥಿತಿಸ್ಥಾಪಕ ಗುಣದಿಂದ ಉಬ್ಬಿ ದುಂಡಗಾಗುತ್ತದೆ, ಹತ್ತಿರದ್ದು ಸ್ಪಷ್ಟವಾಗುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆಯನ್ನೇ ಇಂದಿಗೂ ಮುಖ್ಯವಾಗಿ ಒಪ್ಪಲಾಗಿದೆ.

ಹತ್ತು ವರ್ಷದ ಮಗು ಪುಸ್ತಕವನ್ನು ಮುಖಕ್ಕೆ ಏಳೆಂಟು ಸೆಂಟಿಮೀಟರ್ ಹತ್ತಿರ ತಂದರೂ ಓದಬಲ್ಲದು. ವಯಸ್ಸಾದಂತೆ ಲೆನ್ಸಿನ ತಿರುಳು ಗಟ್ಟಿಯಾಗುತ್ತ ಹೋಗುತ್ತದೆ. ಎಳೆಗಳು ಸಡಿಲಾದರೂ ಅದು ಮೊದಲಿನಂತೆ ಉಬ್ಬಲಾರದು. ಆದ್ದರಿಂದಲೇ ನಲವತ್ತರ ಸುಮಾರಿಗೆ ಸೂಜಿಗೆ ದಾರ ಪೋಣಿಸಲು, ಅಕ್ಕಿಯಲ್ಲಿ ಕಲ್ಲು ಆರಿಸಲು ತೊಂದರೆಯಾಗಿ ಚಾಳೀಸು ಬೇಕಾಗುತ್ತದೆ. ಇದು ಕಾಯಿಲೆಯಲ್ಲ, ಎಲ್ಲರಿಗೂ ಬರುವ ಬದಲಾವಣೆ.

ಎಳೆಗಳನ್ನು ಕಡಿದುಹಾಕುತ್ತಿದ್ದ ಕಾಲ

ಪೊರೆ ಎಂದರೆ ಬೇರೇನೂ ಅಲ್ಲ, ಪಾರದರ್ಶಕವಾಗಿದ್ದ ಈ ಲೆನ್ಸೇ ಮಂಜಾಗುವುದು. ಅದನ್ನು ದಾರಿಯಿಂದ ಸರಿಸುವ ಪ್ರಯತ್ನ ನಮ್ಮ ದೇಶದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಇದರ ವಿವರಣೆ ಇದೆ. ಸೂಜಿಯಂಥ ಶಲಾಕೆಯನ್ನು ಕಣ್ಣಿನೊಳಗೆ ಹಾಕಿ, ಮಂಜಾದ ಲೆನ್ಸನ್ನು ಪಾಪೆಯ ಎದುರಿನಿಂದ ಸರಿಸುತ್ತಿದ್ದರು. ಈ ಪದ್ಧತಿಯಲ್ಲಿ ಎಳೆಗಳು ಹರಿದು ಲೆನ್ಸ್ ಕಣ್ಣಿನ ಒಳಭಾಗಕ್ಕೆ ಬೀಳುತ್ತಿತ್ತು. ಬೆಳಕು ಕಾಣುತ್ತಿತ್ತು, ಆದರೆ ಒಳಗೇ ಉಳಿದ ಲೆನ್ಸಿನಿಂದ ಮುಂದೆ ಉರಿಯೂತ, ಒತ್ತಡ ಹೆಚ್ಚಾಗಿ ಹಲವರ ಕಣ್ಣು ಹೋಗುತ್ತಿತ್ತು. ಲೆನ್ಸನ್ನು ಹೊರಗೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಫ್ರಾನ್ಸಿನ ಜಾಕ್ ದಾವಿಯೆಲ್ ಅವರು 1747ರಲ್ಲಿ ಮಾಡಿದರು.

ಇಪ್ಪತ್ತನೆಯ ಶತಮಾನದ ಬಹುಭಾಗ ಲೆನ್ಸನ್ನು ಚೀಲದ ಸಮೇತ ಇಡಿಯಾಗಿ ತೆಗೆಯುವ ಪದ್ಧತಿ ಬಳಕೆಯಲ್ಲಿತ್ತು. ಇಡಿಯಾಗಿ ಬರಬೇಕಾದರೆ ಸುತ್ತಲಿನ ಎಳೆಗಳೆಲ್ಲ ಹರಿಯಬೇಕು. 1950ರ ದಶಕದ ಕೊನೆಯಲ್ಲಿ ಸ್ಪೇನಿನ ಹ್ವಾಕಿನ್ ಬಾರಾಕೆರ್ ಅವರು ಎಳೆಗಳನ್ನು ಕರಗಿಸುವ ಒಂದು ಕಿಣ್ವವನ್ನೇ ಬಳಕೆಗೆ ತಂದರು. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿ ಅವರಂಥ ವೈದ್ಯರು ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ಆ ದಶಕಗಳಲ್ಲಿ ದೇಶದ ಶಿಬಿರಗಳಲ್ಲಿ ಹೆಚ್ಚಾಗಿ ನಡೆಯುತ್ತಿದ್ದುದು ಇದೇ ಬಗೆಯ ಶಸ್ತ್ರಚಿಕಿತ್ಸೆ. ಚೀಲವೂ ಇಲ್ಲ, ಎಳೆಯೂ ಇಲ್ಲ ಎಂದಮೇಲೆ ಹೊಸ ಲೆನ್ಸ್ ಕೂರಿಸಲು ಜಾಗವಿರಲಿಲ್ಲ. ಆದ್ದರಿಂದ ಆಪರೇಷನ್ ಆದವರು ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಾಗುತ್ತಿತ್ತು. ಅದರಲ್ಲಿ ವಸ್ತುಗಳು ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ದೊಡ್ಡದಾಗಿ ಕಾಣುತ್ತಿದ್ದವು. ಮೆಟ್ಟಿಲು ಇಳಿಯುವುದು, ಲೋಟಕ್ಕೆ ನೀರು ಬಗ್ಗಿಸುವುದು ಕೂಡ ಕಷ್ಟವಾಗುತ್ತಿತ್ತು. ನಿಮ್ಮ ಅಜ್ಜ ಅಜ್ಜಿಯರ ಮುಖದ ಮೇಲೆ ಆ ಕನ್ನಡಕ ನೋಡಿದ ನೆನಪು ಹಲವರಿಗೆ ಇರಬಹುದು.

ಕಣ್ಣಿನೊಳಗೆ ಕೃತಕ ಲೆನ್ಸ್ ಇಡುವ ಮೊದಲ ಶಸ್ತ್ರಚಿಕಿತ್ಸೆಯನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅವರು 1949ರ ನವೆಂಬರ್ 29ರಂದು ಮಾಡಿದರು. ಅದು ಎಲ್ಲೆಡೆ ಹರಡಲು ಹಲವು ದಶಕಗಳೇ ಬೇಕಾದವು. ಇಂದು ವೈದ್ಯರು ಚೀಲದ ಮುಂಬದಿಯಲ್ಲಿ ದುಂಡಗೆ ಒಂದು ಕಿಂಡಿ ಮಾಡಿ, ಒಳಗಿನ ಮಂಜಾದ ತಿರುಳನ್ನಷ್ಟೇ ತೆಗೆಯುತ್ತಾರೆ. ಚೀಲ ಹಾಗೆಯೇ ಉಳಿಯುತ್ತದೆ. ಖಾಲಿ ಚೀಲದೊಳಗೆ ಹೊಸ ಲೆನ್ಸನ್ನು ಕೂರಿಸುತ್ತಾರೆ. ನಡುಭಾಗ ಸುಮಾರು 6 ಮಿಲಿಮೀಟರ್ ಇರುವ ಈ ಲೆನ್ಸಿಗೆ ಎರಡು ಬದಿ ಸಣ್ಣ ಕೊಕ್ಕೆಗಳಿದ್ದು ಅವು ಚೀಲದ ಅಂಚಿಗೆ ಒತ್ತಿ ನಿಲ್ಲುತ್ತವೆ. ಕೆಲವು ವಾರಗಳಲ್ಲಿ ಚೀಲ ಬಿಗಿದು ಲೆನ್ಸನ್ನು ಹಿಡಿದುಕೊಳ್ಳುತ್ತದೆ. ಚೀಲವನ್ನು ಹಿಡಿದಿರುವುದು ಅದೇ ಹಳೆಯ ಎಳೆಗಳು. ಮೊದಲಿನ ವೈದ್ಯರು ಯಾವ ಎಳೆಗಳನ್ನು ಕಡಿಯಲು ಹೆಣಗುತ್ತಿದ್ದರೋ, ಇಂದಿನ ವೈದ್ಯರು ಅವೇ ಎಳೆಗಳನ್ನು ಉಳಿಸಲು ಎಚ್ಚರ ವಹಿಸುತ್ತಾರೆ.

ಎಳೆಗಳು ದುರ್ಬಲವಾಗಲು ಕಾರಣಗಳು

ಈ ಎಳೆಗಳಲ್ಲಿ ರಕ್ತನಾಳವಿಲ್ಲ, ನೋವನ್ನು ತಿಳಿಸುವ ನರವೂ ಇಲ್ಲ. ಆದ್ದರಿಂದ ಎಳೆಗಳು ಒಂದೊಂದಾಗಿ ಸವೆದರೂ ನಮಗೆ ಗೊತ್ತಾಗುವುದಿಲ್ಲ. ಒಮ್ಮೆ ಹರಿದ ಎಳೆ ಮತ್ತೆ ಬೆಳೆಯುವುದೂ ಇಲ್ಲ. ದೊಡ್ಡವರಲ್ಲಿ ಮುಖ್ಯವಾಗಿ ಮೂರು ಕಾರಣಗಳಿವೆ.

1. ಪೆಟ್ಟು: ಕ್ರಿಕೆಟ್ ಚೆಂಡು, ಚಿನ್ನಿದಾಂಡಿನ ಚಿನ್ನಿ, ದನದ ಕೊಂಬು, ಕಟ್ಟಿಗೆ ಒಡೆಯುವಾಗ ಸಿಡಿದ ಚೂರು, ಪಟಾಕಿ, ಬಸ್ಸಿನ ಬ್ರೇಕ್ ಹಾಕಿದಾಗ ಎದುರಿನ ಸೀಟಿನ ಕಂಬಿ, ಇವುಗಳಿಂದ ಕಣ್ಣಿಗೆ ಜೋರಾಗಿ ಪೆಟ್ಟು ಬಿದ್ದಾಗ ಗುಡ್ಡೆ ಮುಂದಿನಿಂದ ಹಿಂದಕ್ಕೆ ಒತ್ತಲ್ಪಟ್ಟು ಅಡ್ಡಕ್ಕೆ ಹಿಗ್ಗುತ್ತದೆ. ರಿಮ್ಮು ಒಮ್ಮೆಲೇ ಅಗಲವಾದರೆ ಕಡ್ಡಿಗಳು ತುಂಡಾಗುತ್ತವೆ. ಒಂದು ಬದಿಯ ಎಳೆಗಳು ಹರಿದರೆ ಉಳಿದ ಬದಿಯವು ಲೆನ್ಸನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಹೊರಗೆ ಗಾಯವಿಲ್ಲದಿದ್ದರೂ, ಊತ ಇಳಿದು ಎಲ್ಲ ಸರಿಹೋದಂತೆ ಕಂಡರೂ ಒಳಗೆ ಹಾನಿ ಆಗಿರಬಹುದು. ಪೊರೆಯಾಗಲಿ, ಕಣ್ಣಿನ ಒತ್ತಡವಾಗಲಿ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

2. ಬೂದಿಯಂಥ ಪದರ: ಅರವತ್ತು ದಾಟಿದ ಕೆಲವರಲ್ಲಿ ಲೆನ್ಸಿನ ಮೇಲೂ ಪಾಪೆಯ ಅಂಚಿನಲ್ಲೂ ತಲೆಹೊಟ್ಟಿನಂಥ ಬೂದು ಬಿಳುಪಿನ ಪುಡಿ ಕೂರುತ್ತದೆ. ಫಿನ್ಲೆಂಡಿನ ಲಿಂಡ್‌ಬರ್ಗ್ ಎಂಬ ವೈದ್ಯರು ಇದನ್ನು 1917ರಲ್ಲಿ ಮೊದಲು ವಿವರಿಸಿದರು. ವೈದ್ಯರ ಭಾಷೆಯಲ್ಲಿ ಇದರ ಹೆಸರು ಸ್ಯೂಡೋಎಕ್ಸ್‌ಫೋಲಿಯೇಷನ್. ದಕ್ಷಿಣ ಭಾರತದ ಹಳ್ಳಿಗಳ ಹಿರಿಯರಲ್ಲಿಯೂ ಇದು ಕಂಡುಬರುತ್ತದೆ. ಈ ಪುಡಿ ಎಳೆಗಳ ಮೇಲೂ ಕೂತು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಇಂಥವರ ಪಾಪೆ ಹನಿ ಹಾಕಿದರೂ ಚೆನ್ನಾಗಿ ಹಿಗ್ಗುವುದಿಲ್ಲ. ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಕೂಡ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸ್ಲಿಟ್ ಲ್ಯಾಂಪ್ ಪರೀಕ್ಷೆಯಲ್ಲಿ ಕಾಣುತ್ತದೆ.

3. ಅತಿಯಾಗಿ ಬಲಿತ ಪೊರೆ: “ಪೊರೆ ಇನ್ನೂ ಹಣ್ಣಾಗಿಲ್ಲ, ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ” ಎಂದು ಮುಂದೂಡುವವರು ಬಹಳ. ಪೊರೆ ಹಣ್ಣಾಗುವವರೆಗೆ ಕಾಯಬೇಕೆಂಬುದು ಹಳೆಯ ಪದ್ಧತಿಯ ಕಾಲದ ಮಾತು. ಇಂದು ಅದು ಅನ್ವಯಿಸುವುದಿಲ್ಲ. ಮಿತಿಮೀರಿ ಬಲಿತ ಪೊರೆಯಲ್ಲಿ ತಿರುಳು ಕಲ್ಲಿನಂತೆ ಗಟ್ಟಿಯಾಗುತ್ತದೆ ಅಥವಾ ಹೊರಭಾಗ ಕರಗಿ ಹಾಲಿನಂತಾಗುತ್ತದೆ. ಚೀಲವೂ ಎಳೆಗಳೂ ಸೊರಗುತ್ತವೆ. ಆ ಹಾಲಿನಂಥ ದ್ರವ ಸೋರಿದರೆ ಕಣ್ಣು ಕೆಂಪಾಗಿ, ಒತ್ತಡ ಏರಿ, ಸಹಿಸಲಾಗದ ನೋವು ಬರುತ್ತದೆ. ದೃಷ್ಟಿ ಶಾಶ್ವತವಾಗಿ ಹೋಗಲೂಬಹುದು.

ಇವಲ್ಲದೆ ಬಹಳ ಹೆಚ್ಚಿನ ಮೈನಸ್ ನಂಬರಿನ ಕನ್ನಡಕ ಇರುವವರಲ್ಲಿ, ಹಿಂದೆ ಅಕ್ಷಿಪಟಲದ ಶಸ್ತ್ರಚಿಕಿತ್ಸೆ ಆದವರಲ್ಲಿ, ವರ್ಷಗಟ್ಟಲೆ ಕಣ್ಣನ್ನು ಜೋರಾಗಿ ಉಜ್ಜುವ ಅಭ್ಯಾಸ ಇರುವವರಲ್ಲಿ ಕೂಡ ಎಳೆಗಳು ದುರ್ಬಲವಾಗಿರಬಹುದು.

ಮಕ್ಕಳಲ್ಲಿ ಲೆನ್ಸ್ ಜಾರಿದ್ದರೆ ಕಣ್ಣಿನ ಪರೀಕ್ಷೆ ಮಾತ್ರ ಸಾಲದು

ತಂದೆ ತಾಯಿಯರು ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಪೆಟ್ಟು ಬೀಳದೆಯೇ ಮಗುವಿನ ಲೆನ್ಸ್ ತನ್ನ ಜಾಗದಿಂದ ಸರಿದಿದ್ದರೆ, ಎಳೆಗಳು ಹುಟ್ಟಿನಿಂದಲೇ ದುರ್ಬಲವಾಗಿವೆ ಎಂದರ್ಥ. ಅದಕ್ಕೆ ದೇಹದ ಬೇರೆ ಭಾಗಗಳಲ್ಲಿಯೂ ಕಾರಣ ಹುಡುಕಬೇಕಾಗುತ್ತದೆ.

ಹೆಚ್ಚಾಗಿ ಕಂಡುಬರುವ ಕಾರಣ ಮಾರ್ಫಾನ್ ಸಿಂಡ್ರೋಮ್. 1896ರಲ್ಲಿ ಪ್ಯಾರಿಸ್ಸಿನ ವೈದ್ಯ ಆಂಟ್ವಾನ್ ಮಾರ್ಫಾನ್ ಅವರು ಐದು ವರ್ಷದ ಒಂದು ಹೆಣ್ಣು ಮಗುವಿನ ಉದ್ದನೆಯ ಕೈಕಾಲು, ಬೆರಳುಗಳನ್ನು ವಿವರಿಸಿದ್ದರಿಂದ ಈ ಹೆಸರು ಬಂದಿದೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಫಿಬ್ರಿಲಿನ್ ತಯಾರಿಸುವ ವಂಶವಾಹಿಯಲ್ಲಿ ದೋಷವಿರುವುದೇ ಕಾರಣವೆಂದು 1991ರಲ್ಲಿ ತಿಳಿದುಬಂತು. ಲೆನ್ಸಿನ ಎಳೆಗಳಲ್ಲಿರುವ ಅದೇ ಫಿಬ್ರಿಲಿನ್, ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆಯಲ್ಲಿಯೂ ಇದೆ. ಎಳೆ ಸಡಿಲವಾದಂತೆ ಧಮನಿಯ ಗೋಡೆಯೂ ಸಡಿಲವಾಗಿ ನಿಧಾನವಾಗಿ ಹಿಗ್ಗುತ್ತದೆ. ಗಮನಿಸದೆ ಬಿಟ್ಟರೆ ಒಂದು ದಿನ ಗೋಡೆ ಸೀಳಿ ಪ್ರಾಣಕ್ಕೆ ಅಪಾಯವಾಗಬಹುದು. ಅಮೆರಿಕದ ಪ್ರಸಿದ್ಧ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡರು. ವಯಸ್ಸು 31. ಮಹಾಧಮನಿ ಸೀಳಿತ್ತು, ಮಾರ್ಫಾನ್ ಇತ್ತು ಎಂಬುದು ಮರಣಾನಂತರದ ಪರೀಕ್ಷೆಯಲ್ಲಿ ಗೊತ್ತಾಯಿತು.

ಮಾರ್ಫಾನ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಲೆನ್ಸ್ ಸರಿದಿರುತ್ತದೆ, ಹೆಚ್ಚಾಗಿ ಮೇಲಕ್ಕೆ. ಎಷ್ಟೋ ವೇಳೆ ಕಣ್ಣಿನ ವೈದ್ಯರೇ ಈ ರೋಗವನ್ನು ಮೊದಲು ಕಾಣುತ್ತಾರೆ. ಮನೆಯಲ್ಲಿ ಗಮನಿಸಬಹುದಾದ ಲಕ್ಷಣಗಳು ಇವು: ಮನೆಯವರೆಲ್ಲರಿಗಿಂತ ಎದ್ದು ಕಾಣುವ ಎತ್ತರ, ಬಡಕಲು ಮೈ, ಎರಡು ಕೈ ಚಾಚಿದ ಅಳತೆ ಎತ್ತರಕ್ಕಿಂತ ಹೆಚ್ಚಾಗಿರುವುದು, ಉದ್ದ ಬೆರಳುಗಳು, ಬಾಗಿದ ಬೆನ್ನುಮೂಳೆ, ಒಳಗೆ ಕುಸಿದ ಅಥವಾ ಹೊರಗೆ ಚಾಚಿದ ಎದೆ, ಬೇಗ ಬೇಗ ಏರುವ ಕನ್ನಡಕದ ನಂಬರ್. ಎತ್ತರವಿರುವ ಮಕ್ಕಳೆಲ್ಲರಿಗೂ ಈ ರೋಗ ಇರುತ್ತದೆಂದಲ್ಲ. ಆದರೆ ಲೆನ್ಸ್ ಸರಿದಿರುವ ಮಗುವಿಗೆ ಹೃದಯದ ಎಕೋ ಪರೀಕ್ಷೆ ಆಗಲೇಬೇಕು. ರೋಗ ಗೊತ್ತಾದರೆ ಧಮನಿ ಹಿಗ್ಗುವುದನ್ನು ನಿಧಾನಗೊಳಿಸುವ ಮಾತ್ರೆಗಳಿವೆ, ಕಾಲಕಾಲಕ್ಕೆ ಎಕೋ ಮಾಡಿ ಬೇಕಾದಾಗ ಶಸ್ತ್ರಚಿಕಿತ್ಸೆ ಮಾಡಬಹುದು. ಕುಸ್ತಿ, ಕಬಡ್ಡಿ, ಭಾರ ಎತ್ತುವ ಆಟಗಳಿಂದ ಇಂಥ ಮಕ್ಕಳನ್ನು ದೂರವಿಡಬೇಕು. ಹೆಣ್ಣುಮಕ್ಕಳಾದರೆ ಗರ್ಭಿಣಿಯಾಗುವ ಮೊದಲೇ ಹೃದ್ರೋಗ ತಜ್ಞರ ಸಲಹೆ ಬೇಕು. ತಂದೆ ಅಥವಾ ತಾಯಿಗೆ ಈ ರೋಗ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಮನೆಯವರೆಲ್ಲರೂ ಪರೀಕ್ಷಿಸಿಕೊಳ್ಳಬೇಕು. ನಾಲ್ಕರಲ್ಲಿ ಒಬ್ಬರಿಗೆ ಮಾತ್ರ, ಮನೆಯಲ್ಲಿ ಯಾರಿಗೂ ಇಲ್ಲದೆಯೇ ಹೊಸದಾಗಿ ಬಂದಿರುತ್ತದೆ.

ಇನ್ನೊಂದು ಕಾರಣ ಹೋಮೋಸಿಸ್ಟಿನೂರಿಯಾ. ಇದು ಅಪರೂಪ. ಆಹಾರದ ಪ್ರೋಟೀನಿನ ಒಂದು ಅಂಶವನ್ನು ದೇಹ ಸರಿಯಾಗಿ ಬಳಸಲಾರದೆ ಹೋಮೋಸಿಸ್ಟೀನ್ ಎಂಬ ವಸ್ತು ರಕ್ತದಲ್ಲಿ ಶೇಖರವಾಗುತ್ತದೆ. ಇದರಲ್ಲಿ ಲೆನ್ಸ್ ಹೆಚ್ಚಾಗಿ ಕೆಳಕ್ಕೆ ಸರಿಯುತ್ತದೆ. ಕೆಲವು ಮಕ್ಕಳಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಆದ್ದರಿಂದ ಅರಿವಳಿಕೆ ಕೊಡುವ ಮುಂಚೆ ಈ ರೋಗ ಗೊತ್ತಿರಲೇಬೇಕು. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಮಾತ್ರ ಮಗುವಿಗೆ ರೋಗ ಬರುತ್ತದೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ನಮ್ಮ ಭಾಗದ ಪದ್ಧತಿಯಲ್ಲಿ ಇಂಥ ಸಾಧ್ಯತೆ ಹೆಚ್ಚು. ರಕ್ತ ಮತ್ತು ಮೂತ್ರ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಬಿ6 ವಿಟಮಿನ್ನಿನಿಂದಲೇ ಸುಧಾರಣೆ ಕಾಣುತ್ತದೆ, ಉಳಿದವರಿಗೆ ವಿಶೇಷ ಪಥ್ಯ ಬೇಕು.

ಲೆನ್ಸ್ ಸಡಿಲವಾಗಿರುವ ಸೂಚನೆಗಳು

• ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದು, ಕನ್ನಡಕ ಹಾಕಿದರೂ ಸ್ಪಷ್ಟವಾಗದಿರುವುದು.
• ಒಂದು ಕಣ್ಣು ಮುಚ್ಚಿಕೊಂಡರೂ ಇನ್ನೊಂದರಲ್ಲಿ ವಸ್ತು ಎರಡೆರಡಾಗಿ ಕಾಣುವುದು.
• ತಲೆ ಅಲುಗಿಸಿದಾಗ ದೃಷ್ಟಿ ತೇಲಿದಂತಾಗುವುದು.
• ಇದ್ದಕ್ಕಿದ್ದಂತೆ ಎಲ್ಲ ಮಸುಕಾಗುವುದು.
• ಕಣ್ಣು ಕೆಂಪಾಗಿ, ತಲೆನೋವು, ವಾಂತಿಯೊಡನೆ ತೀವ್ರ ನೋವು. ಲೆನ್ಸ್ ಮುಂದಕ್ಕೆ ಜಾರಿ ಪಾಪೆಯನ್ನು ಅಡ್ಡಗಟ್ಟಿದಾಗ ಹೀಗಾಗಬಹುದು. ರಾತ್ರಿಯಾಗಿದ್ದರೂ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಪರೀಕ್ಷೆಯಲ್ಲಿ ವೈದ್ಯರು ಕಣ್ಣು ಆಡಿಸಲು ಹೇಳಿ, ಐರಿಸ್ ಅಥವಾ ಲೆನ್ಸ್ ನಡುಗುತ್ತಿದೆಯೇ ಎಂದು ನೋಡುತ್ತಾರೆ. ಪಾಪೆ ಹಿಗ್ಗಿಸುವ ಹನಿ ಹಾಕಿ ಲೆನ್ಸಿನ ಅಂಚು ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುವುದರಿಂದ ಜೊತೆಗೆ ಒಬ್ಬರನ್ನು ಕರೆತನ್ನಿ.

ಚಿಕಿತ್ಸೆ ಏನು?

ಮಕ್ಕಳಲ್ಲಿ ಲೆನ್ಸ್ ಸ್ವಲ್ಪವೇ ಸರಿದಿದ್ದರೆ ಮೊದಲು ಕನ್ನಡಕದಿಂದ ದೃಷ್ಟಿ ಸರಿಪಡಿಸಲು ನೋಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಸ್ಪಷ್ಟ ಚಿತ್ರ ಸಿಗದಿದ್ದರೆ ಆ ಕಣ್ಣು ಸೋಮಾರಿಯಾಗುತ್ತದೆ. ಆದ್ದರಿಂದ ಕನ್ನಡಕವನ್ನು ತಪ್ಪದೆ ಹಾಕಿಸಬೇಕು. ಕನ್ನಡಕದಿಂದ ಸಾಲದಿದ್ದರೆ ಶಸ್ತ್ರಚಿಕಿತ್ಸೆ.

ದೊಡ್ಡವರಲ್ಲಿ ಪೊರೆಯ ಜೊತೆ ಎಳೆಗಳೂ ದುರ್ಬಲವಾಗಿದ್ದರೆ ವೈದ್ಯರು ಚೀಲದೊಳಗೆ ಒಂದು ತೆಳ್ಳನೆಯ ಉಂಗುರ ಇಡುತ್ತಾರೆ. 1990ರ ದಶಕದಿಂದ ಬಳಕೆಗೆ ಬಂದ ಈ ಉಂಗುರ ಚೀಲವನ್ನು ಸುತ್ತಲೂ ಹಿಗ್ಗಿಸಿ ಹಿಡಿದು, ಉಳಿದ ಎಳೆಗಳ ಮೇಲೆ ಭಾರ ಸಮನಾಗಿ ಹಂಚಿಹೋಗುವಂತೆ ಮಾಡುತ್ತದೆ. ಹೆಚ್ಚು ಎಳೆಗಳು ಹರಿದಿದ್ದರೆ ಉಂಗುರವನ್ನು ಕಣ್ಣಿನ ಬಿಳಿ ಗೋಡೆಗೆ ಹೊಲಿಯುತ್ತಾರೆ. ಚೀಲವೇ ಉಳಿಯುವಂತಿಲ್ಲದಿದ್ದರೆ ಹೊಸ ಲೆನ್ಸನ್ನು ಐರಿಸ್ಸಿಗೆ ಅಥವಾ ಬಿಳಿ ಗೋಡೆಗೆ ಭದ್ರಪಡಿಸುತ್ತಾರೆ. ಕೆಲವೊಮ್ಮೆ ಇದನ್ನು ಎರಡನೆಯ ಹಂತದಲ್ಲಿ, ಕಣ್ಣು ಶಾಂತವಾದ ಮೇಲೆ ಮಾಡುತ್ತಾರೆ. “ಇವತ್ತು ಲೆನ್ಸ್ ಹಾಕಿಲ್ಲ, ಮುಂದೆ ಹಾಕುತ್ತೇವೆ” ಎಂದು ವೈದ್ಯರು ಹೇಳಿದರೆ ಗಾಬರಿಯಾಗಬೇಡಿ. ಆಧಾರವಿಲ್ಲದ ಕಡೆ ಲೆನ್ಸ್ ಇಡದಿರುವುದೇ ಕಣ್ಣಿಗೆ ಕ್ಷೇಮ.

ನೀವು ಕೇಳುವ ಪ್ರಶ್ನೆಗಳು

ಹೆಚ್ಚು ಓದಿದರೆ, ಟಿವಿ ಅಥವಾ ಮೊಬೈಲ್ ನೋಡಿದರೆ, ಅತ್ತರೆ ಎಳೆಗಳು ಸವೆಯುತ್ತವೆಯೇ?
ಇಲ್ಲ. ಇದರಿಂದ ಕಣ್ಣು ದಣಿಯಬಹುದು, ಎಳೆಗಳು ಹರಿಯುವುದಿಲ್ಲ.

ಎಳೆಗಳಿಗೆ ಬಲ ಬರಲು ಔಷಧಿ, ಟಾನಿಕ್ ಇದೆಯೇ?
ಇಲ್ಲ. ಹನಿ, ಮಾತ್ರೆ, ವ್ಯಾಯಾಮ ಯಾವುದರಿಂದಲೂ ಹರಿದ ಎಳೆ ಕೂಡುವುದಿಲ್ಲ. ಹಾಗೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಆಪರೇಷನ್ ಆದ ಮೇಲೆ ಹೊಸ ಲೆನ್ಸ್ ಜಾರುವುದುಂಟೇ?
ಅಪರೂಪ. ಬೂದಿಯಂಥ ಪದರ ಇರುವವರಲ್ಲಿ, ಪೆಟ್ಟು ಬಿದ್ದವರಲ್ಲಿ ಹಲವು ವರ್ಷಗಳ ನಂತರ ಚೀಲದ ಸಮೇತ ಜಾರಬಹುದು. ದೃಷ್ಟಿ ಇದ್ದಕ್ಕಿದ್ದಂತೆ ಬದಲಾದರೆ ಬನ್ನಿ, ಅದನ್ನು ಸರಿಪಡಿಸಲು ದಾರಿಗಳಿವೆ. ಆಪರೇಷನ್ ಆದ ಕಣ್ಣನ್ನು ಉಜ್ಜಬೇಡಿ. ಭಾರ ಎತ್ತುವುದು, ತಲೆಗೆ ಸ್ನಾನ ಯಾವಾಗಿನಿಂದ ಮಾಡಬಹುದೆಂದು ಬಿಡುಗಡೆಯ ದಿನ ಕೇಳಿಕೊಂಡು ಹೋಗಿ.

ಕಣ್ಣಿಗೆ ಪೆಟ್ಟು ಬಿದ್ದರೆ ಮನೆಯಲ್ಲಿ ಏನು ಮಾಡಬೇಕು?
ಉಜ್ಜಬೇಡಿ, ಒತ್ತಬೇಡಿ. ಎದೆಹಾಲು, ಹರಳೆಣ್ಣೆ, ತುಪ್ಪ, ಸೊಪ್ಪಿನ ರಸ ಏನನ್ನೂ ಹಾಕಬೇಡಿ. ಒಂದು ಶುದ್ಧವಾದ ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಕರೆತನ್ನಿ.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಪ್ಪದೆ ಹೇಳಿ

1. ಚಿಕ್ಕಂದಿನಲ್ಲಾದರೂ ಸರಿ, ಆ ಕಣ್ಣಿಗೆ ಎಂದಾದರೂ ಪೆಟ್ಟು ಬಿದ್ದಿದೆಯೇ? ನಲವತ್ತು ವರ್ಷದ ಹಿಂದಿನದಾದರೂ ಹೇಳಿ.
2. ಆ ಕಣ್ಣಿಗೆ ಹಿಂದೆ ಯಾವುದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ?
3. ಇನ್ನೊಂದು ಕಣ್ಣಿನ ಆಪರೇಷನ್ ವೇಳೆ ತೊಂದರೆ ಆಗಿತ್ತೇ? ಆಗಿದ್ದರೆ ಆ ಚೀಟಿಯನ್ನು ತನ್ನಿ.
4. ಮನೆತನದಲ್ಲಿ ಯಾರಿಗಾದರೂ ಲೆನ್ಸ್ ಜಾರಿತ್ತೇ? ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ಎದೆನೋವಿನಿಂದ ತೀರಿಕೊಂಡಿದ್ದರೇ?
5. ಕಣ್ಣಿನ ಒತ್ತಡಕ್ಕೆ ಹನಿ ಹಾಕುತ್ತಿದ್ದೀರಾ?

“ಇದನ್ನೆಲ್ಲ ಕಣ್ಣಿನ ಡಾಕ್ಟರಿಗೆ ಏಕೆ ಹೇಳಬೇಕು” ಎಂದು ಬಿಟ್ಟುಬಿಡಬೇಡಿ. ಎಳೆಗಳು ಐರಿಸ್ಸಿನ ಮರೆಯಲ್ಲಿರುವುದರಿಂದ ಎಷ್ಟು ಪರೀಕ್ಷಿಸಿದರೂ ಕೆಲವು ಸಂಗತಿಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಗೊತ್ತಾಗುತ್ತವೆ. ನೀವು ಮೊದಲೇ ಹೇಳಿದ ಒಂದು ಮಾತಿನಿಂದ ವೈದ್ಯರು ಉಂಗುರವನ್ನೂ ಬೇರೆ ಬಗೆಯ ಲೆನ್ಸನ್ನೂ ಸಿದ್ಧವಾಗಿಟ್ಟುಕೊಂಡು ಕೆಲಸ ಆರಂಭಿಸಬಹುದು. ಪೊರೆ ಬಂದಿದೆ ಎಂದು ಗೊತ್ತಾದ ಮೇಲೆ ಹಣ್ಣಾಗಲೆಂದು ಕಾಯಬೇಡಿ. ನಿತ್ಯದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ, ಎಳೆಗಳು ಗಟ್ಟಿಯಾಗಿರುವಾಗಲೇ ಬನ್ನಿ. ಈ ಕರಪತ್ರವನ್ನು ಓದಿದ ಮೇಲೆ ಮನೆಯ ಹಿರಿಯರಿಗೂ ಓದಿ ಹೇಳಿ, ನೆರೆಯವರಿಗೂ ಕೊಡಿ.